ಡರ್ಟ್ ಬೈಕ್‌ಗೆ ಮನೇಲೇ ಪ್ಲಾಸ್ಟಿಕ್ ಸ್ಕಿಡ್ ಪ್ಲೇಟ್: ಪದೇ ಪದೇ ಕೇಳೋ ಪ್ರಶ್ನೆಗಳು

ಸ್ಕಿಡ್ ಪ್ಲೇಟ್ ಅಂದ್ರೆ ಎಂಜಿನ್ ಹೊಟ್ಟೆಗೆ ಕಲ್ಲು ತಾಗದ ಹಾಗೆ ಬೈಕ್ ಕೆಳಗೆ ಕಟ್ಟೋ ರಕ್ಷಣೆಯ ತಟ್ಟೆ. ಶೀಟ್ ಕತ್ತರಿಸೋದು, ಬಗ್ಗಿಸೋದು ದೊಡ್ಡ ಕೆಲಸ ಅಂತ ಎಲ್ಲರೂ ಅದರ ಬಗ್ಗೆನೇ ಕೇಳ್ತಾರೆ. ನಿಜ ಹೇಳ್ಬೇಕಂದ್ರೆ ಅದು ಸುಲಭದ ಭಾಗ. ಮನೇಲಿ ಮಾಡಿದ ಪ್ಲೇಟ್ ಕೈಕೊಡೋದು ಹೆಚ್ಚಾಗಿ ಪ್ಲಾಸ್ಟಿಕ್‌ನಿಂದ ಅಲ್ಲ, ಅದನ್ನ ಫ್ರೇಮ್‌ಗೆ ಹಿಡಿದಿರೋ ಬೋಲ್ಟು ಕ್ಲಾಂಪುಗಳಿಂದ. ಹಾಗಾಗಿ ಕೆಳಗೆ ಕಟ್ಟೋ ವಿಷ್ಯಕ್ಕೆ ಬಂದಾಗ ಉತ್ತರ ಉದ್ದ ಆಯ್ತು ಅಂತ ಬೇಜಾರ್ ಮಾಡ್ಕೋಬೇಡಿ.

ಸ್ಕಿಡ್ ಪ್ಲೇಟ್ ನಿಜವಾಗ್ಲೂ ಬೇಕಾ? ಫ್ರೇಮ್ ಪೈಪ್ ಇದೆಯಲ್ಲ ಕೆಳಗೆ?

ಮಣ್ಣಿನ ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸೋದಾದ್ರೆ ಇಲ್ದೇ ಇದ್ರೂ ನಡೆಯುತ್ತೆ. ಕಲ್ಲು, ಮರದ ದಿಮ್ಮಿ, ಬೇರು ಇರೋ ಕಡೆ ಹೋಗ್ತೀರ ಅಂದ್ರೆ ಬೇಕು. ಫ್ರೇಮ್‌ನ ಎರಡು ಪೈಪ್ ಮಧ್ಯೆ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಗಿನ ಎರಕದ ಕವಚ) ಹೊಟ್ಟೆ ಖಾಲಿ ಬಯಲಾಗಿ ಇರತ್ತೆ, ಒಂದು ಚೂಪು ಕಲ್ಲು ಸರಿಯಾಗಿ ಆ ಸಂದಿಗೇ ಬಂದು ಹೊಡೆದ್ರೆ ಎರಕದ ಅಲ್ಯೂಮಿನಿಯಂ ಬಗ್ಗಲ್ಲ, ಬಿರಿಯುತ್ತೆ, ಆಯಿಲ್ ಎಲ್ಲ ಹೊರಗೆ. ಪಕ್ಕದಲ್ಲಿರೋ ವಾಟರ್ ಪಂಪ್ ಕವರ್, ಇಗ್ನಿಷನ್ ಕವರ್ ಇನ್ನೂ ತೆಳು, ಕೆಲವು ಬೈಕ್‌ಗಳಲ್ಲಿ ಅವು ಮ್ಯಾಗ್ನೀಷಿಯಂ. ಎಂಜಿನ್ ಕೇಸ್ ಬದಲಾಯಿಸೋದು ಅಂದ್ರೆ ಎಂಜಿನ್ ಪೂರ್ತಿ ಬಿಚ್ಚಿದ ಹಾಗೆ, ಅದಕ್ಕೆ ಹೋಲಿಸಿದ್ರೆ ಒಂದು ಶೀಟ್ ಪ್ಲಾಸ್ಟಿಕ್ ಏನೂ ಅಲ್ಲ.

ಅಲ್ಯೂಮಿನಿಯಂ ಇರ್ವಾಗ ಪ್ಲಾಸ್ಟಿಕ್ ಯಾಕೆ? ಕಲ್ಲು ಹೊಡೆದ್ರೆ ಒಡೆದು ಹೋಗಲ್ವಾ?

ಸರಿಯಾದ ಪ್ಲಾಸ್ಟಿಕ್ ಆದ್ರೆ ಒಡೆಯಲ್ಲ. ಅಲ್ಯೂಮಿನಿಯಂ ಪ್ಲೇಟ್ ಒಂದು ಸಲ ಜೋರಾಗಿ ಹೊಡೆಸ್ಕೊಂಡ್ರೆ ತಗ್ಗು ಬಿದ್ದು ಹಾಗೇ ಉಳಿಯುತ್ತೆ, ನಾಲ್ಕೈದು ತಗ್ಗು ಬಿದ್ಮೇಲೆ ಬೋಲ್ಟ್ ತೂತುಗಳೇ ಸರಿಹೊಂದಲ್ಲ. ನಾವು ಬಳಸೋ ಪಾಲಿಥಿಲೀನ್ ಅನ್ನೋ ಪ್ಲಾಸ್ಟಿಕ್ ಹೊಡೆತಕ್ಕೆ ಒಳಗೆ ಬಗ್ಗಿ ವಾಪಸ್ ಬರುತ್ತೆ. ಅದಕ್ಕಿಂತ ಮುಖ್ಯ ಅಂದ್ರೆ ಜಾರೋದು. ದಿಮ್ಮಿ ಮೇಲೆ ಬೈಕ್ ಹೊಟ್ಟೆ ಕೂತಾಗ ಅಲ್ಯೂಮಿನಿಯಂ ಕಚ್ಕೊಂಡು ನಿಲ್ಲುತ್ತೆ, ಪ್ಲಾಸ್ಟಿಕ್ ಜಾರಿ ಮುಂದೆ ಹೋಗುತ್ತೆ. ಈ ವ್ಯತ್ಯಾಸ ಒಂದು ಸಲ ಅನುಭವಕ್ಕೆ ಬಂದ್ರೆ ಲೋಹದ ಕಡೆ ತಿರುಗಿ ನೋಡೋದು ಕಷ್ಟ. ಎಂಜಿನ್ ಸದ್ದು ತಗಡಿಗೆ ಬಡಿದು ಗಣಗಣ ಅನ್ನೋದೂ ಕಮ್ಮಿ ಆಗುತ್ತೆ.

ಲೋಹ ಗೆಲ್ಲೋ ಜಾಗಗಳೂ ಇವೆ. ಒಂದು ಬಿಸಿ, ಇನ್ನೊಂದು ಬಿಗಿತ. ಅಲ್ಯೂಮಿನಿಯಂ ಬಿಗಿತ 70 ಗಿಗಾಪಾಸ್ಕಲ್ ಹತ್ರ, ಈ ಪ್ಲಾಸ್ಟಿಕ್‌ಗಳದ್ದು 1ರ ಆಸುಪಾಸು ಅಷ್ಟೇ. ಅಂದ್ರೆ ಎಷ್ಟೇ ದಪ್ಪ ಹಾಕಿದ್ರೂ ಹೊಡೆತಕ್ಕೆ ಅದು ಮೇಲಕ್ಕೆ ಬಗ್ಗೇ ಬಗ್ಗುತ್ತೆ. ಇದನ್ನ ಮರೆತು ಪ್ಲೇಟ್‌ನ ಎಂಜಿನ್‌ಗೆ ಅಂಟಿಸಿದ ಹಾಗೆ ಕೂರಿಸಿದ್ರೆ ಹೊಡೆತ ನೇರ ಕೇಸ್‌ಗೇ ಹೋಗುತ್ತೆ, ಆಗ ಪ್ಲೇಟ್ ಇದ್ದೂ ಇಲ್ಲದ ಹಾಗೆ.

ಯಾವ ಪ್ಲಾಸ್ಟಿಕ್ ತಗೋಬೇಕು?

ಎರಡೇ ಹೆಸರು ನೆನಪಿಟ್ಕೊಳ್ಳಿ, ಎಚ್‌ಡಿಪಿಇ ಮತ್ತು ಯುಎಚ್‌ಎಂಡಬ್ಲ್ಯು. ಎರಡೂ ಪಾಲಿಥಿಲೀನೇ, ಎರಡೂ ನೀರಿಗಿಂತ ಹಗುರ. ವ್ಯತ್ಯಾಸ ಇರೋದು ಒಳಗಿನ ಸರಪಳಿ ಉದ್ದದಲ್ಲಿ. ಯುಎಚ್‌ಎಂಡಬ್ಲ್ಯುದು ಅಣುತೂಕ ಮಿಲಿಯನ್‌ಗಳ ಲೆಕ್ಕ, ಅದಕ್ಕೇ ಅದು ಸವೆಯೋದು ತುಂಬಾ ನಿಧಾನ, ಕೊರೆಯೋ ಚಳೀಲೂ ಪೆಡಸಾಗಿ ಒಡೆಯಲ್ಲ. ಗಣಿಯಲ್ಲಿ ಅದಿರು ಜಾರೋ ಚ್ಯೂಟ್‌ಗಳಿಗೆ, ಡಂಪರ್ ಹೊಟ್ಟೆಗೆ ಒಳಪದರ ಹಾಕೋದು ಇದನ್ನೇ, ಹಡಗು ನಿಲ್ಲೋ ಜೆಟ್ಟಿಯ ಫೆಂಡರ್ ಮೇಲೂ ಇದೇ. ಸ್ಕಿಡ್ ಪ್ಲೇಟ್‌ಗೆ ಇದಕ್ಕಿಂತ ಒಳ್ಳೆ ಶಿಫಾರಸು ಏನು ಬೇಕು ಹೇಳಿ.

ಹಾಗಾದ್ರೆ ಎಲ್ಲರೂ ಅದನ್ನೇ ತಗೋಬಹುದಲ್ಲ ಅಂದ್ರೆ, ಬಗ್ಗಿಸೋಕೆ ಅದು ಹಠಮಾರಿ. ಎಚ್‌ಡಿಪಿಇ ಬಿಸಿ ಮಾಡಿದ್ರೆ ಮೆತ್ತಗಾಗಿ ಹೇಳಿದ ಮಾತು ಕೇಳುತ್ತೆ, ಯುಎಚ್‌ಎಂಡಬ್ಲ್ಯು ಕರಗೋ ಬಿಸಿ ದಾಟಿದ್ರೂ ಹರಿಯಲ್ಲ, ರಬ್ಬರ್ ತರ ಆಗಿ ಹಳೇ ಆಕಾರಕ್ಕೇ ವಾಪಸ್ ಹೋಗೋಕೆ ನೋಡ್ತಿರತ್ತೆ. ಮೊದಲ ಪ್ಲೇಟ್, ಅದರಲ್ಲೂ ಬಗ್ಗಿಸೋ ಮಡಿಕೆಗಳು ಜಾಸ್ತಿ ಇದ್ರೆ ಎಚ್‌ಡಿಪಿಇ ಸಾಕು ಅನ್ನೋದು ನನ್ನ ಅಭಿಪ್ರಾಯ. ಚಪ್ಪಟೆ ತುಂಡುಗಳಲ್ಲೇ ಕೆಲಸ ಆಗೋ ಬೈಕ್ ಆದ್ರೆ ಕಣ್ಣುಮುಚ್ಚಿ ಯುಎಚ್‌ಎಂಡಬ್ಲ್ಯು.

ಬಣ್ಣ ಕಪ್ಪೇ ಇರ್ಲಿ. ಕಪ್ಪು ಶೀಟ್‌ನಲ್ಲಿರೋ ಕಾರ್ಬನ್ ಬ್ಲ್ಯಾಕ್ ಬಿಸಿಲಿನ ಯುವಿ ತಡೆಯುತ್ತೆ, ಬಿಳಿ ಶೀಟ್ ವರ್ಷಗಟ್ಲೆ ಬಿಸಿಲಲ್ಲಿ ನಿಂತ್ರೆ ಪೆಡಸಾಗುತ್ತೆ.

ನೈಲಾನ್, ಪಿವಿಸಿ, ಅಕ್ರಿಲಿಕ್, ಪಾಲಿಕಾರ್ಬೊನೇಟ್, ಇವೆಲ್ಲ?

ಅಕ್ರಿಲಿಕ್ ಮೊದಲ ಕಲ್ಲಿಗೇ ಚೂರು ಚೂರು, ಮರೆತುಬಿಡಿ. ಪಿವಿಸಿ ಚಳೀಲಿ ಸೀಳುತ್ತೆ, ಜೊತೆಗೆ ಜಾಸ್ತಿ ಬಿಸಿ ಆದ್ರೆ ಹೈಡ್ರೋಜನ್ ಕ್ಲೋರೈಡ್ ಗ್ಯಾಸ್ ಬಿಡುತ್ತೆ, ಹೀಟ್ ಗನ್ (ಬಿಸಿಗಾಳಿ ಊದೋ ಉಪಕರಣ) ಹಿಡ್ಕೊಂಡು ಅದರ ಮುಂದೆ ನಿಲ್ಲೋದು ಬೇಡ. ಪಾಲಿಕಾರ್ಬೊನೇಟ್ ಹೊಡೆತಕ್ಕೆ ಗಟ್ಟಿ ನಿಜ, ಆದ್ರೆ ಪೆಟ್ರೋಲು, ಕ್ಲೀನರ್ ತಾಗಿದ್ರೆ ಸಣ್ಣ ಸಣ್ಣ ಬಿರುಕು ಬಿಡುತ್ತೆ, ಕಲ್ಲಿನ ಮೇಲೆ ಜಾರೋದೂ ಇಲ್ಲ. ನೈಲಾನ್ ಬಿಸಿಗೆ ಚೆನ್ನಾಗಿ ತಡೆಯುತ್ತೆ, ಕರಗೋದು 220 ಡಿಗ್ರಿ ಸೆಲ್ಸಿಯಸ್ ಹತ್ರ, ಆದ್ರೆ ನೀರು ಕುಡಿದು ಅಳತೆ ಬದಲಾಗುತ್ತೆ, ಬೆಲೆ ಮತ್ತು ತೂಕ ಎರಡೂ ಜಾಸ್ತಿ. ಎಕ್ಸಾಸ್ಟ್ ಹತ್ರ ಒಂದು ಸಣ್ಣ ತುಂಡಿಗೆ ಬೇಕಾದ್ರೆ ಬಳಸ್ಕೊಳ್ಳಿ. ಪಾಲಿಪ್ರೊಪಿಲೀನ್ ಸುಮ್ನೆ ನೋಡೋಕೆ ಎಚ್‌ಡಿಪಿಇ ತರಾನೇ ಇರತ್ತೆ ಆದ್ರೆ ಸಾದಾ ಗ್ರೇಡ್ ಸೊನ್ನೆ ಡಿಗ್ರಿ ಹತ್ರ ಪೆಡಸಾಗೋಕೆ ಶುರು.

ನೀಲಿ ಡ್ರಮ್ ಕತ್ತರಿಸಿ ಮಾಡ್ಬಹುದಾ? ತರಕಾರಿ ಹೆಚ್ಚೋ ಬೋರ್ಡ್?

ಡ್ರಮ್ ಸಾಮಾನ್ಯವಾಗಿ ಎಚ್‌ಡಿಪಿಇನೇ, ಆದ್ರೆ ಗೋಡೆ ತೆಳು, ಕೆಲವೇ ಎಂಎಂ. ಕಲ್ಲು ಚಿಮ್ಮೋದನ್ನ ತಡೆಯೋ ಪಕ್ಕದ ರೆಕ್ಕೆಗೆ, ಫ್ರೇಮ್ ಗಾರ್ಡ್‌ಗೆ ಚೆನ್ನಾಗಿದೆ, ಹೊಟ್ಟೆಗೆ ಸಾಲಲ್ಲ. ಎರಡು ಮೂರು ಪದರ ಒಂದರ ಮೇಲೊಂದು ಹಾಕಿ ಬೋಲ್ಟ್ ಮಾಡಿದ್ರೆ ಒಂದೇ ದಪ್ಪ ಶೀಟ್‌ನಷ್ಟು ಬಿಗಿತ ಬರಲ್ಲ, ಪದರಗಳು ಒಂದರ ಮೇಲೊಂದು ಜಾರುತ್ತೆ, ಮಧ್ಯೆ ಮರಳು ಕೂತ್ಕೊಂಡು ಸವೆಸುತ್ತೆ. ಇನ್ನೊಂದು ವಿಷ್ಯ, ಡ್ರಮ್‌ನಲ್ಲಿ ಮುಂಚೆ ಏನಿತ್ತು ಅಂತ ಗೊತ್ತಿಲ್ದೆ ಗರಗಸ, ಹೀಟ್ ಗನ್ ಇಡಬೇಡಿ.

ಹೋಟೆಲ್ ಅಡುಗೆಮನೆಯ ದಪ್ಪ ಕಟಿಂಗ್ ಬೋರ್ಡ್ ತುಂಬಾ ಜನ ಬಳಸೋ ದಾರಿ, 10 ಎಂಎಂ ಮೇಲಿದ್ದು ಎಚ್‌ಡಿಪಿಇ ಆಗಿದ್ರೆ ಧಾರಾಳವಾಗಿ ಮಾಡಿ. ಮನೆ ಬಳಕೆಯ ತೆಳು ಬೋರ್ಡ್‌ಗಳಲ್ಲಿ ಎಷ್ಟೋ ಪಾಲಿಪ್ರೊಪಿಲೀನ್ ಇರತ್ತೆ, ನೋಡಿ ತಗೊಳ್ಳಿ. ಬೆಸ್ಟ್ ಅಂದ್ರೆ ಇಂಜಿನಿಯರಿಂಗ್ ಪ್ಲಾಸ್ಟಿಕ್ ಮಾರೋರ ಹತ್ರ ಉಳಿಕೆ ತುಂಡು ಕೇಳೋದು, ನಮಗೆ ಬೇಕಾಗಿರೋ ಅಳತೆ ಅವರಿಗೆ ಕಸ.

ಕೈಗೆ ಸಿಕ್ಕಿರೋ ತುಂಡು ಯಾವ ಪ್ಲಾಸ್ಟಿಕ್ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ತ್ರಿಕೋನದ ಗುರುತು ಹುಡುಕಿ, ಒಳಗೆ 2 ಇದ್ರೆ ಎಚ್‌ಡಿಪಿಇ, 5 ಇದ್ರೆ ಪಾಲಿಪ್ರೊಪಿಲೀನ್, 3 ಇದ್ರೆ ಪಿವಿಸಿ. ಗುರುತಿಲ್ಲ ಅಂದ್ರೆ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ. ತೇಲಿದ್ರೆ ಪಾಲಿಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಮುಳುಗಿದ್ರೆ ನೈಲಾನ್, ಪಿವಿಸಿ, ಪಾಲಿಕಾರ್ಬೊನೇಟ್ ಈ ಕಡೆಯದ್ದು, ಪಕ್ಕಕ್ಕಿಡಿ. ಆಮೇಲೆ ಉಗುರಿಂದ ಒತ್ತಿ ನೋಡಿ, ಪಾಲಿಥಿಲೀನ್ ಮೇಲೆ ಸ್ವಲ್ಪ ಗುರುತು ಬೀಳುತ್ತೆ, ಮುಟ್ಟಿದ್ರೆ ಮೇಣ ಮೇಣ. ಪಾಲಿಪ್ರೊಪಿಲೀನ್ ಗಟ್ಟಿ, ಗುರುತು ಬೀಳೋದು ಕಷ್ಟ.

ಎಷ್ಟು ದಪ್ಪ ಇರ್ಬೇಕು? ತೂಕ ಜಾಸ್ತಿ ಆಗಲ್ವಾ?

ಹೊಟ್ಟೆಗೆ 10ರಿಂದ 12 ಎಂಎಂ. ಹಗುರ ಬೈಕು, ಮಣ್ಣೇ ಜಾಸ್ತಿ ಇರೋ ಜಾಗ ಅಂದ್ರೆ 8 ಎಂಎಂ ನಡೆಯುತ್ತೆ. 6 ಎಂಎಂ ಪಕ್ಕದ ರೆಕ್ಕೆಗಳಿಗೆ ಇಟ್ಕೊಳ್ಳಿ.

ಲೆಕ್ಕ ಹಾಕಿ ನೋಡೋಣ, 300 ಎಂಎಂ ಅಗಲ 400 ಎಂಎಂ ಉದ್ದದ 10 ಎಂಎಂ ಪಾಲಿಥಿಲೀನ್ ಸುಮಾರು 1.1 ಕೆಜಿ. ಅಷ್ಟೇ ಉದ್ದಗಲದ 4 ಎಂಎಂ ಅಲ್ಯೂಮಿನಿಯಂ 1.3 ಕೆಜಿ. ಅಂದ್ರೆ ಎರಡೂವರೆ ಪಟ್ಟು ದಪ್ಪ ಇದ್ರೂ ಪ್ಲಾಸ್ಟಿಕ್ಕೇ ಹಗುರ, ಜೊತೆಗೆ ಆ ತೂಕ ಬೈಕ್‌ನ ಅತಿ ಕೆಳಗೆ ಕೂರೋದ್ರಿಂದ ಓಡಿಸುವಾಗ ಗೊತ್ತೂ ಆಗಲ್ಲ. ದಪ್ಪ ಜಾಸ್ತಿ ಆದಷ್ಟೂ ನೆಲದಿಂದ ಎತ್ತರ ಕಮ್ಮಿ ಆಗುತ್ತೆ ಅನ್ನೋದು ಮಾತ್ರ ನಿಜವಾದ ನಷ್ಟ, ಅದಕ್ಕೇ 15, 20 ಎಂಎಂ ಅಂತ ಹೋಗೋದು ಬೇಡ.

ಅಳತೆ ಹೇಗೆ ತಗೊಳ್ಳೋದು?

ರಟ್ಟು. ಕಂಪ್ಯೂಟರ್ ಡ್ರಾಯಿಂಗ್ ಏನೂ ಬೇಡ. ಬೈಕ್ ಚೆನ್ನಾಗಿ ತೊಳೆದು ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸಿ, ದಪ್ಪ ರಟ್ಟನ್ನ ಕೆಳಗೆ ಹಿಡಿದು ಕತ್ತರಿಸ್ತಾ ಟೇಪ್ ಹಾಕ್ತಾ ಆಕಾರ ಬರೋವರೆಗೂ ಆಟ ಆಡಿ. ಮಡಿಸೋ ಗೆರೆಗಳನ್ನ, ಆಯಿಲ್ ಹೊರಬಿಡೋ ಡ್ರೇನ್ ಬೋಲ್ಟ್ ಜಾಗವನ್ನ ಪೆನ್‌ನಿಂದ ಗುರುತು ಹಾಕ್ಕೊಳ್ಳಿ. ರಟ್ಟಿಗೆ ಅಷ್ಟು ದಪ್ಪ ಇಲ್ಲ, ನಿಮ್ಮ ಶೀಟ್‌ಗೆ 10 ಎಂಎಂ ದಪ್ಪ ಇದೆ, ಹಾಗಾಗಿ ಪ್ರತಿ ಮಡಿಕೇಲೂ ಹೊರಗಿನ ಮೈ ಜಾಸ್ತಿ ಉದ್ದ ತಿನ್ನುತ್ತೆ. ಅಂಚುಗಳಲ್ಲಿ 15ರಿಂದ 20 ಎಂಎಂ ಹೆಚ್ಚಿಗೇ ಬಿಟ್ಟು ಕತ್ತರಿಸಿ, ಕೊನೇಲಿ ತೆಗೆಯೋದು ಸುಲಭ, ಸೇರಿಸೋಕಾಗಲ್ಲ.

ಗಾತ್ರ ತೀರ್ಮಾನ ಮಾಡೋ ಮುಂಚೆ ಮೂರು ಜಾಗ ನೋಡ್ಲೇಬೇಕು. ಮುಂದಿನ ಚಕ್ರ, ಅಂದ್ರೆ ಫೋರ್ಕ್ ಪೂರ್ತಿ ಒಳಗೆ ಹೋದಾಗ ಟೈರ್ ಬಂದು ಪ್ಲೇಟ್‌ನ ಮುಂದಿನ ಮೂಗಿಗೆ ತಾಗ್ಬಾರ್ದು, ಸ್ಟ್ರಾಪ್ ಹಾಕಿ ಫೋರ್ಕ್‌ನ ಕೆಳಗೆ ಎಳೆದು ಕಣ್ಣಾರೆ ನೋಡಿ, ಅಂದಾಜಿಗೆ ಬಿಡಬೇಡಿ. ಎರಡನೇದು ಬ್ರೇಕ್ ಪೆಡಲ್ ಮತ್ತು ಗೇರ್ ಲಿವರ್, ಪೂರ್ತಿ ಕೆಳಗೆ ಒತ್ತಿದಾಗ ರೆಕ್ಕೆಗೆ ಬಡಿಯಬಾರ್ದು. ಮೂರನೇದು ಹಿಂದಿನ ಲಿಂಕೇಜ್ (ಹಿಂದಿನ ಶಾಕ್‌ನ ಕೆಳಗಿನ ಕೀಲುಗಳು) ಮತ್ತು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಓಡಾಟ.

ಕತ್ತರಿಸುವಾಗ ಪ್ಲಾಸ್ಟಿಕ್ ಕರಗಿ ಹಿಂದೇನೇ ಅಂಟ್ಕೊಳ್ತಿದೆ, ಏನ್ ಮಾಡ್ಲಿ?

ಬ್ಲೇಡ್ ಹಲ್ಲು ಸಣ್ಣದು ಅಥವಾ ಸ್ಪೀಡ್ ಜಾಸ್ತಿ ಅಥವಾ ಎರಡೂ. ಮರಕ್ಕೆ ಬಳಸೋ ದೊಡ್ಡ ಹಲ್ಲಿನ ಬ್ಲೇಡ್ ಹಾಕಿ, ಜಿಗ್‌ಸಾ ಸ್ಪೀಡ್ ಕಮ್ಮಿ ಮಾಡಿ, ಬ್ಲೇಡ್ ನಿಂತಲ್ಲೇ ನಿಲ್ಲದ ಹಾಗೆ ಒಂದೇ ಸಮ ಮುಂದೆ ತಳ್ತಾ ಹೋಗಿ. ಪುಡಿ ಬರೋ ಬದಲು ಸುರುಳಿ ಸುರುಳಿ ಚಕ್ಕೆ ಬಂದ್ರೆ ಸರಿಯಾಗಿ ಕತ್ತರಿಸ್ತಿದೆ ಅಂತ ಅರ್ಥ. ಅಂಚಿಗೆ ಸ್ಯಾಂಡ್‌ಪೇಪರ್ ಉಜ್ಜಬೇಡಿ, ನೂಲು ನೂಲು ಏಳುತ್ತೆ, ಚೂಪಾದ ಚಾಕುವನ್ನ ಅಡ್ಡ ಹಿಡಿದು ಕೆರೆದ್ರೆ ನುಣುಪಾಗುತ್ತೆ. ಕಲ್ಲಿಗೆ ಮೊದಲು ಸಿಗೋ ಮುಂದಿನ ಕೆಳ ಅಂಚನ್ನ ಮಾತ್ರ ಧಾರಾಳವಾಗಿ ಉರುಟು ಮಾಡಿ.

ಬಗ್ಗಿಸೋದು ಹೇಗೆ?

ತಾಳ್ಮೆಯಿಂದ, ಬೇರೆ ಗುಟ್ಟಿಲ್ಲ. ಎಚ್‌ಡಿಪಿಇ ಕರಗೋದು 130 ಡಿಗ್ರಿ ಆಸುಪಾಸು, ಅದರ ಹತ್ರ ಹತ್ರ ಬಂದಾಗ ಬಗ್ಗುತ್ತೆ. ತೊಂದ್ರೆ ಏನಂದ್ರೆ ಪ್ಲಾಸ್ಟಿಕ್ ಒಳಗೆ ಬಿಸಿ ಹರಿಯೋದು ತುಂಬಾ ನಿಧಾನ, ಮೇಲಿನ ಮೈ ಹೊಳೆಯೋಕೆ ಶುರುವಾಗಿರತ್ತೆ, 5 ಎಂಎಂ ಒಳಗೆ ಇನ್ನೂ ತಣ್ಣಗೆ ಗಟ್ಟಿ. ಆಗ ಅವಸರ ಮಾಡಿ ಬಗ್ಗಿಸಿದ್ರೆ ಹೊರಮೈ ಬೆಳ್ಳಗಾಗಿ ಒಳಗೊಳಗೇ ಒತ್ತಡ ಕೂತ್ಕೊಳ್ಳುತ್ತೆ, ಅದೇ ಗೆರೇಲಿ ಆಮೇಲೆ ಸೀಳುತ್ತೆ.

ಹೀಟ್ ಗನ್ ಆದ್ರೆ ಮಡಿಸೋ ಗೆರೆ ಉದ್ದಕ್ಕೂ, ಒಂದು ಬೆರಳಲ್ಲ, ಶೀಟ್ ದಪ್ಪದ ನಾಲ್ಕೈದು ಪಟ್ಟು ಅಗಲ, ಎರಡೂ ಕಡೆಯಿಂದ, ಗನ್ ಒಂದೇ ಕಡೆ ನಿಲ್ಲಿಸ್ದೆ ಆಡಿಸ್ತಾ ಇರಿ. ಹಿಂದೆ ಮುಂದೆ ತಿರುಗಿಸ್ತಾ ಸಮಾಧಾನವಾಗಿ. ಶೀಟ್‌ನ ತನ್ನ ತೂಕಕ್ಕೇ ಅದು ಜೋತು ಬೀಳೋಕೆ ಶುರುವಾದಾಗ ರೆಡಿ. ಮರದ ಅಂಚು ಅಥವಾ ಪೈಪ್ ಮೇಲೆ ಇಟ್ಟು ಬಗ್ಗಿಸಿ, ಬೇಕಾದ ಕೋನಕ್ಕಿಂತ ಸ್ವಲ್ಪ ಜಾಸ್ತಿ ಬಗ್ಗಿಸಿ ಕ್ಲಾಂಪ್ ಹಾಕಿ ಬಿಟ್ಬಿಡಿ, ಪೂರ್ತಿ ತಣ್ಣಗಾಗೋವರೆಗೂ ಮುಟ್ಟಬೇಡಿ. ಮುಟ್ಟಿದ್ರೆ ತಣ್ಣಗಿದೆ ಅನ್ಸುತ್ತೆ, ಒಳಗೆ ಇನ್ನೂ ಬಿಸಿ ಇರತ್ತೆ, ಕ್ಲಾಂಪ್ ಬಿಚ್ಚಿದ ತಕ್ಷಣ ಅರ್ಧ ವಾಪಸ್.

ಮಡಿಕೆಯ ಒಳಗಿನ ಕಡೆ ದಪ್ಪದ ಮೂರನೇ ಒಂದು ಭಾಗ ಆಳಕ್ಕೆ ವಿ ಆಕಾರದ ಗ್ರೂವ್ (ಉದ್ದ ಗೀರು) ತೋಡಿದ್ರೆ ಬಗ್ಗಿಸೋದು ಸುಲಭ, ಕೋನವೂ ಚೂಪಾಗಿ ಬರುತ್ತೆ. ಆದ್ರೆ ಅಲ್ಲಿ ದಪ್ಪ ಕಮ್ಮಿ ಆಯ್ತು ಅಂತ ನೆನಪಿರ್ಲಿ, ಪಕ್ಕದ ರೆಕ್ಕೆ ಮಡಿಕೆಗಳಿಗೆ ಸರಿ, ನೇರ ಹೊಡೆತ ತಿನ್ನೋ ಮುಂದಿನ ಮಡಿಕೆಗೆ ಗ್ರೂವ್ ಬೇಡ.

ಯುಎಚ್‌ಎಂಡಬ್ಲ್ಯುಗೆ ಹೀಟ್ ಗನ್ ಸಾಲಲ್ಲ, ಓವನ್ ಬೇಕು. ಬಿಳಿ ಶೀಟ್ ಆದ್ರೆ 135, 140 ಡಿಗ್ರಿ ದಾಟಿದಾಗ ಹಾಲಿನ ಬಣ್ಣ ಹೋಗಿ ಗಾಜಿನ ತರ ಅರೆಪಾರದರ್ಶಕ ಆಗುತ್ತೆ, ಅದೇ ಸೂಚನೆ. ಕಪ್ಪು ಶೀಟ್‌ನಲ್ಲಿ ಇದು ಕಾಣಲ್ಲ. ತೆಗೆದ ಕೂಡಲೇ ಅಚ್ಚಿನ ಮೇಲೆ ಒತ್ತಿ ಗಟ್ಟಿಯಾಗಿ ಹಿಡಿದು ತಣಿಸ್ಬೇಕು, ಎಚ್‌ಡಿಪಿಇಗಿಂತ ಜಾಸ್ತಿನೇ ಓವರ್ ಬಗ್ಗಿಸ್ಬೇಕು. ಅಡುಗೆ ಓವನ್ ಬಳಸೋದಾದ್ರೆ ಕಿಟಕಿ ಬಾಗಿಲು ತೆಗೆದಿಡಿ, ಥರ್ಮೋಸ್ಟಾಟ್ ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ, ಬಿಟ್ಟು ಹೋಗಬೇಡಿ. ಪಾಲಿಥಿಲೀನ್ ಹತ್ಕೊಂಡ್ರೆ ಮೇಣದ ತರ ಉರೀತಾ ತೊಟ್ಟಿಕ್ಕುತ್ತೆ. ಅದೇ ಕಾರಣಕ್ಕೆ ಗ್ಯಾಸ್ ಟಾರ್ಚ್ ಬೇಡ್ವೇ ಬೇಡ. ದಪ್ಪ ಚರ್ಮದ ಗ್ಲೌಸ್ ಹಾಕ್ಕೊಳ್ಳಿ, ಬಿಸಿ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿದ್ರೆ ಬಿಡಲ್ಲ.

ತೂತುಗಳನ್ನ ಯಾವಾಗ್ಲೂ ಬಗ್ಗಿಸಿದ ಮೇಲೇ ಕೊರೀಬೇಕು. ಬಿಸಿ ಆಗಿ ತಣಿದಾಗ ಶೀಟ್ ಸ್ವಲ್ಪ ಕುಗ್ಗುತ್ತೆ, ಮೊದಲೇ ಕೊರೆದ ತೂತು ಎಲ್ಲೋ ಹೋಗಿರತ್ತೆ.

ಬಗ್ಗಿಸ್ದೇನೇ ಮಾಡೋಕಾಗಲ್ವಾ?

ಆಗುತ್ತೆ. ಕೆಳಗೆ ಒಂದು ಚಪ್ಪಟೆ ತುಂಡು, ಮುಂದೆ ಡೌನ್‌ಟ್ಯೂಬ್ (ಎಂಜಿನ್ ಮುಂದೆ ಕೆಳಗೆ ಬರೋ ಫ್ರೇಮ್ ಪೈಪ್) ಇಳಿಯೋ ಇಳಿಜಾರಿಗೆ ಇನ್ನೊಂದು, ಪಕ್ಕಕ್ಕೆ ಬೇಕಾದ್ರೆ ಎರಡು. ಸಂದಿಯಲ್ಲಿ ಮುಂದಿನ ತುಂಡು ಹಿಂದಿನದರ ಕೆಳಗೆ ಬರೋ ಹಾಗೆ ಮೇಲೆ ಮೇಲೆ ಕೂರಿಸಿ, ಉಲ್ಟಾ ಮಾಡಿದ್ರೆ ಆ ಅಂಚು ಕಲ್ಲಿಗೆ ಸಿಕ್ಕಿ ಇಡೀ ತುಂಡೇ ಕಿತ್ಕೊಂಡು ಬರುತ್ತೆ. ತುಂಡುಗಳನ್ನ ಒಂದಕ್ಕೊಂದು ಕೂಡಿಸೋದಕ್ಕಿಂತ ಒಂದೊಂದನ್ನೂ ಬೇರೆ ಬೇರೆ ಫ್ರೇಮ್‌ಗೆ ಕಟ್ಟೋದು ವಾಸಿ, ಹಾಳಾಗಿದ್ದನ್ನ ಮಾತ್ರ ಬದಲಾಯಿಸ್ಬಹುದು.

ಫ್ರೇಮ್‌ಗೆ ಹೇಗೆ ಕಟ್ಟೋದು?

ಮೊದಲ ಮಾತು, ಫ್ರೇಮ್‌ಗೆ ತೂತು ಕೊರೀಬೇಡಿ. ಕೆಳಗಿನ ಪೈಪ್ ಮೇಲೆ ತುಂಬಾ ಒತ್ತಡ ಇರತ್ತೆ, ತೂತು ಇದ್ದ ಕಡೆಯಿಂದಲೇ ಬಿರುಕು ಶುರು. ನಿಮ್ಮ ಫ್ರೇಮ್‌ನಲ್ಲಿ ಕಂಪನಿಯವರೇ ಬಿಟ್ಟಿರೋ, ಬೋಲ್ಟ್ ಕೂರೋ ಥ್ರೆಡ್ ಇರೋ ತೂತುಗಳು ಇದ್ರೆ ಅವನ್ನೇ ಮೊದಲು ಬಳಸಿ.

ಎರಡು ಪೈಪ್‌ನ ಕ್ರೇಡಲ್ (ಎಂಜಿನ್ ಕೂರೋ ತೊಟ್ಟಿಲಿನಂಥ ಫ್ರೇಮ್ ಭಾಗ) ಇದ್ರೆ ಗಟ್ಟಿ ದಾರಿ ಅಡ್ಡ ಪಟ್ಟಿ. ಅಲ್ಯೂಮಿನಿಯಂ ಅಥವಾ ಸ್ಟೀಲ್ ಪಟ್ಟಿಯೊಂದು ಎರಡೂ ಪೈಪ್‌ಗಳ ಮೇಲ್ಗಡೆ ಅಡ್ಡ ಕೂರುತ್ತೆ, ಪ್ಲೇಟ್ ಕೆಳಗಡೆ, ಪೈಪ್‌ಗಳು ಮಧ್ಯೆ ಸಿಕ್ಕಿಕೊಳ್ಳುತ್ತವೆ, ಕೆಳಗಿಂದ ಬೋಲ್ಟ್ ಬಂದು ಪಟ್ಟಿಯ ಥ್ರೆಡ್‌ಗೆ ಕಚ್ಚುತ್ತೆ. ಹಿಂದೆ ಇಂಥದ್ದೊಂದು, ಮುಂದೆ ಡೌನ್‌ಟ್ಯೂಬ್‌ಗೆ ಯು ಬೋಲ್ಟ್ ಅಥವಾ ಕ್ಲಾಂಪ್. ಪಟ್ಟಿ ಎಂಜಿನ್ ಕೇಸ್‌ಗೆ ತಾಗದ ಹಾಗೆ ಜಾಗ ಇದೆಯಾ ಅಂತ ಮೊದಲೇ ನೋಡಿ. ಪೈಪ್ ಮತ್ತು ಲೋಹದ ಮಧ್ಯೆ ಹಳೇ ಟ್ಯೂಬ್ ರಬ್ಬರ್ ಒಂದು ಪದರ ಇಟ್ರೆ ಪೇಂಟ್ ಉಜ್ಜಲ್ಲ, ಜಾರೋದೂ ಕಮ್ಮಿ. ರೇಡಿಯೇಟರ್ ಹೋಸ್ ಕ್ಲಿಪ್‌ನಂಥ ತೆಳು ಪಟ್ಟಿ ಕ್ಲಾಂಪ್‌ಗಳನ್ನ ತಾತ್ಕಾಲಿಕ ಅಂತ ಹಾಕ್ತಾರೆ, ಅದು ತಾತ್ಕಾಲಿಕವಾಗೇ ಉಳೀಬೇಕು.

ಬೋಲ್ಟ್ ತಲೆ ಕೆಳಗೆ ಎದ್ದು ನಿಂತ್ರೆ ಕಲ್ಲು ಅದನ್ನ ಹೆರೆದು ಹಾಕುತ್ತೆ, ಆಮೇಲೆ ಬಿಚ್ಚೋಕೇ ಬರಲ್ಲ. ಹಾಗಾಗಿ ಒಳಗೆ ಮುಳುಗಿಸ್ಬೇಕು. ಇಲ್ಲೇ ದಪ್ಪ ಶೀಟ್‌ನ ಲಾಭ. 12 ಎಂಎಂ ಶೀಟ್‌ನಲ್ಲಿ ದೊಡ್ಡ ವಾಷರ್ ಕೂರೋ ಅಷ್ಟು ಅಗಲದ ಚಪ್ಪಟೆ ತಳದ ಗುಂಡಿ 6 ಎಂಎಂ ಆಳಕ್ಕೆ ತೆಗೆದು, ಉಳಿದ 6 ಎಂಎಂ ಮೂಲಕ ಬೋಲ್ಟ್ ಹೋಗೋ ತೂತು. ಕೋನದ ತಲೆಯ ಕೌಂಟರ್‌ಸಂಕ್ ಬೋಲ್ಟ್ ನೋಡೋಕೆ ನೀಟು, ಆದ್ರೆ ಮೆತ್ತಗಿನ ಪ್ಲಾಸ್ಟಿಕ್‌ನಲ್ಲಿ ಆ ಕೋನ ಬೆಣೆ ತರ ಕೆಲಸ ಮಾಡಿ ನಿಧಾನಕ್ಕೆ ಒಳಗೆ ಎಳ್ಕೊಂಡು ಹೋಗುತ್ತೆ, ಒಂದು ದಿನ ಪ್ಲೇಟ್ ತಲೆ ಮೇಲಿಂದ ಜಾರಿ ಬಂದುಬಿಡುತ್ತೆ. ಅಡಿ ಚಪ್ಪಟೆ ಇರೋ ತಲೆ, ಅದರ ಕೆಳಗೆ ಅಗಲ ವಾಷರ್, ಇದೇ ಸರಿ. ಅಳತೆ ಎಂ6 ಕನಿಷ್ಠ, ಮುಂದಿನ ಹೊಡೆತ ತಿನ್ನೋ ಕಡೆ ಎಂ8.

ತೂತನ್ನ ಬೋಲ್ಟ್‌ಗಿಂತ 2 ಎಂಎಂ ದೊಡ್ಡದು ಮಾಡಿ, ಆಗ್ಲಿಲ್ಲ ಅಂದ್ರೆ ಉದ್ದುದ್ದ ತೂತು ಮಾಡಿ. ಯಾಕಂದ್ರೆ ಪಾಲಿಥಿಲೀನ್ ಬಿಸಿಗೆ ಸ್ಟೀಲ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ ಹಿಗ್ಗುತ್ತೆ. 400 ಎಂಎಂ ಉದ್ದದ ಪ್ಲೇಟ್ 40 ಡಿಗ್ರಿ ಬಿಸಿ ಏರಿದ್ರೆ 2 ಎಂಎಂಗೂ ಜಾಸ್ತಿ ಬೆಳೆಯುತ್ತೆ. ತೂತು ಬಿಗಿ ಇದ್ರೆ ಪ್ಲೇಟ್ ಮಧ್ಯೆ ಉಬ್ಬಿ ಎಂಜಿನ್‌ಗೆ ತಾಗುತ್ತೆ ಅಥವಾ ಜೋತು ಬೀಳುತ್ತೆ.

ಬೋಲ್ಟ್ ಎಷ್ಟು ಬಿಗಿ ಮಾಡಿದ್ರೂ ವಾರ ಬಿಟ್ಟು ನೋಡಿದ್ರೆ ಲೂಸ್, ಯಾಕೆ?

ಪ್ಲಾಸ್ಟಿಕ್ ದ್ರವದ ತರ ಹರೀತಿದೆ, ಅಕ್ಷರಶಃ. ಸತತ ಒತ್ತಡದಲ್ಲಿ ಪಾಲಿಥಿಲೀನ್ ತಣ್ಣಗಿದ್ದಾಗಲೂ ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತೆ, ಬೋಲ್ಟ್ ಕೆಳಗಿನ ದಪ್ಪ ಕಮ್ಮಿ ಆಗುತ್ತೆ, ಬಿಗಿ ಹೋಗುತ್ತೆ. ಮತ್ತೆ ಬಿಗಿ ಮಾಡ್ತೀರಿ, ಮತ್ತೆ ಸರಿಯುತ್ತೆ, ಹೀಗೇ ವಾಷರ್ ಪ್ಲೇಟ್ ಒಳಗೆ ಮುಳುಗೋವರೆಗೂ. ಬೋಲ್ಟ್ ಥ್ರೆಡ್‌ಗೆ ಥ್ರೆಡ್ ಲಾಕರ್ (ಬೋಲ್ಟ್ ತಿರುಗದ ಹಾಗೆ ಹಿಡಿಯೋ ಅಂಟು) ಹಾಕಿದ್ರೆ ಬೋಲ್ಟ್ ತಿರುಗಲ್ಲ ಅಷ್ಟೇ, ಈ ಸರಿಯೋದನ್ನ ತಡೆಯಲ್ಲ.

ಇದಕ್ಕೆ ಮದ್ದು ಸ್ಲೀವ್. ಬೋಲ್ಟ್ ಸುತ್ತ ಒಂದು ಸಣ್ಣ ಲೋಹದ ಕೊಳವೆ, ಅದರ ಉದ್ದ ಅಲ್ಲಿ ಉಳಿದಿರೋ ಪ್ಲಾಸ್ಟಿಕ್ ದಪ್ಪದಷ್ಟೇ ಅಥವಾ ಕೂದಲೆಳೆಯಷ್ಟು ಜಾಸ್ತಿ. ಬಿಗಿ ಮಾಡಿದಾಗ ವಾಷರ್ ಹೋಗಿ ಸ್ಲೀವ್ ಮೇಲೆ ನಿಲ್ಲುತ್ತೆ, ಎಲ್ಲ ಒತ್ತಡ ಲೋಹದಿಂದ ಲೋಹಕ್ಕೆ, ಪ್ಲಾಸ್ಟಿಕ್ ಸುಮ್ನೆ ಸಿಕ್ಕಿಕೊಂಡಿರತ್ತೆ. ಸ್ಲೀವ್ ಹೊರಗಿನ ವ್ಯಾಸಕ್ಕಿಂತ ತೂತು ಆ 2 ಎಂಎಂ ದೊಡ್ಡದಿದ್ರೆ ಹಿಗ್ಗೋಕೂ ಜಾಗ ಆಯ್ತು. ಜೊತೆಗೆ ನಟ್ ಇರೋ ಕಡೆ ನೈಲಾಕ್ (ಒಳಗೆ ನೈಲಾನ್ ಬಳೆ ಇರೋ, ಸಡಿಲ ಆಗದ ನಟ್) ಹಾಕಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದಿ ಹೋಗೋದಾದ್ರೆ ಇದನ್ನೇ ಓದಿ ಅಂತೀನಿ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪ್ಲೇಟ್‌ಗೂ ಇದು ಅಷ್ಟೇ ಅನ್ವಯ.

ಎಂಜಿನ್‌ಗೂ ಪ್ಲೇಟ್‌ಗೂ ಎಷ್ಟು ಸಂದಿ ಬಿಡಬೇಕು?

10 ಎಂಎಂ ಸಿಕ್ಕಿದ್ರೆ ಚೆನ್ನಾಗಿರತ್ತೆ, 6ಕ್ಕಿಂತ ಕಮ್ಮಿ ಬೇಡ. ಜಾಗ ಇಲ್ಲ ಅಂದ್ರೆ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಮಧ್ಯೆ ಇಡಿ. ಸ್ಪಂಜಿನಂಥ ಫೋಮ್ ನೀರು ಕುಡಿದು ಮಣ್ಣು ಹಿಡಿದು ಕೆಸರಿನ ಮೂಟೆ ಆಗುತ್ತೆ.

ಎಕ್ಸಾಸ್ಟ್ ಪೈಪ್ ಹತ್ರ ಕರಗಲ್ವಾ?

ತಾಗಿದ್ರೆ ಖಂಡಿತ ಕರಗುತ್ತೆ. ಪಾಲಿಥಿಲೀನ್ ಸತತವಾಗಿ ತಡ್ಕೊಳ್ಳೋದು 80 ಡಿಗ್ರಿ ಆಸುಪಾಸು, 4 ಸ್ಟ್ರೋಕ್ ಹೆಡರ್ ಪೈಪ್ (ಎಂಜಿನ್‌ನಿಂದ ಹೊರಡೋ ಎಕ್ಸಾಸ್ಟ್‌ನ ಮೊದಲ ಭಾಗ) ನೂರಾರು ಡಿಗ್ರಿ ಹೋಗುತ್ತೆ. ತಾಗದೇ ಇದ್ರೂ ಪಕ್ಕದಲ್ಲಿದ್ರೆ ಕಾವಿಗೇ ಮೆತ್ತಗಾಗಿ ಜೋತು ಬೀಳುತ್ತೆ, ಅದರಲ್ಲೂ ನಿಧಾನಕ್ಕೆ ಏರು ಹತ್ತುವಾಗ, ಗಾಳಿ ಇರಲ್ಲ. 25 ಎಂಎಂ ಸಂದಿ ಇಡೋಕೆ ನೋಡಿ, ಆಗ್ಲಿಲ್ಲ ಅಂದ್ರೆ ಆ ಭಾಗಕ್ಕೆ ತೆಳು ಅಲ್ಯೂಮಿನಿಯಂ ತಗಡನ್ನ ಅಡ್ಡ ಕೂರಿಸಿ, ಆ ತಗಡು ಪ್ಲಾಸ್ಟಿಕ್‌ಗೆ ಅಂಟ್ಕೊಂಡಿರಬಾರ್ದು, ವಾಷರ್ ಇಟ್ಟು ಮಧ್ಯೆ ಗಾಳಿ ಓಡಾಡೋ ಹಾಗೆ ಎತ್ತಿಡಿ. 2 ಸ್ಟ್ರೋಕ್‌ನ ಹೊಟ್ಟೆ ಉಬ್ಬಿದ ಪೈಪ್ ಹೆಚ್ಚಾಗಿ ಪಕ್ಕದಲ್ಲಿ ಮುಂದೆ ಹಾದು ಹೋಗೋದ್ರಿಂದ ಪ್ಲೇಟ್‌ನ ಮುಂದಿನ ಮೂಲೆ ಒಂದನ್ನ ಕತ್ತರಿಸಿ ದಾರಿ ಬಿಟ್ರೆ ಸಾಕಾಗುತ್ತೆ.

ಇನ್ನೊಂದು ಅಪಾಯ ಜನ ಯೋಚನೆ ಮಾಡಲ್ಲ. ಒಣ ಹುಲ್ಲು ಪ್ಲೇಟ್ ಮತ್ತು ಪೈಪ್ ಮಧ್ಯೆ ತುಂಬ್ಕೊಂಡ್ರೆ ಹೊತ್ಕೊಳ್ಳುತ್ತೆ. ಒಣಗಿದ ಬಯಲಲ್ಲಿ ಓಡಿಸುವಾಗ ನಿಂತಾಗೆಲ್ಲ ಬಗ್ಗಿ ನೋಡಿ ಕಿತ್ತು ತೆಗೆಯಿರಿ.

ಎಂಜಿನ್ ಜಾಸ್ತಿ ಬಿಸಿ ಆಗಲ್ವಾ? ಮಣ್ಣು ತುಂಬಲ್ವಾ?

ಮಣ್ಣು ತುಂಬುತ್ತೆ, ತಪ್ಪಿಸೋಕಾಗಲ್ಲ, ನೀರು ಹೋಗೋ ತೂತು ಇದ್ರೆ ಕಮ್ಮಿ ಆಗುತ್ತೆ. ಅತಿ ತಗ್ಗಿನ ಜಾಗದಲ್ಲಿ 20, 25 ಎಂಎಂ ಅಗಲದ ಎರಡು ಮೂರು ತೂತು ಬಿಡಿ, ಸಣ್ಣ ತೂತು ಬೇಗ ಮುಚ್ಚಿಹೋಗುತ್ತೆ. ಲಿಕ್ವಿಡ್ ಕೂಲ್ ಎಂಜಿನ್‌ಗೆ ಪ್ಲೇಟ್‌ನಿಂದ ದೊಡ್ಡ ವ್ಯತ್ಯಾಸ ಇಲ್ಲ. ಏರ್ ಕೂಲ್ ಆದ್ರೆ ಮುಂದಿನ ಮೂಗನ್ನ ಸಿಲಿಂಡರ್ ಫಿನ್‌ಗೆ ಗಾಳಿ ತಡೆಯೋ ಅಷ್ಟು ಮೇಲೆ ತರಬೇಡಿ, ಕ್ರ್ಯಾಂಕ್‌ಕೇಸ್ ಮೇಲೂ ಮಣ್ಣು ಒಣಗಿ ಗಟ್ಟಿಯಾಗಿ ಕೂರೋಕೆ ಬಿಡಬೇಡಿ. ತೊಳೆಯುವಾಗ ಮೇಲಿಂದ ನೀರು ಬಿಟ್ಟು ಕೆಳಗಿನ ತೂತಿಂದ ಬರೋ ನೀರು ತಿಳಿ ಆಗೋವರೆಗೂ ಬಿಡಿ.

ಆಯಿಲ್ ಬದಲಾಯಿಸೋಕೆ ಪ್ರತಿ ಸಲ ಬಿಚ್ಚಬೇಕಾ?

ಡ್ರೇನ್ ಬೋಲ್ಟ್ ಕೆಳಗೆ ಸಾಕೆಟ್ ಹೋಗಿ ತಿರುಗೋ ಅಷ್ಟು, 35ರಿಂದ 40 ಎಂಎಂ ತೂತು ಬಿಟ್ರೆ ಬಿಚ್ಚದೇ ಆಗುತ್ತೆ. ಆದ್ರೆ ಬೋಲ್ಟ್ ಅಲ್ಲಿಂದ ಹೊರಗೆ ಇಣುಕಬಾರ್ದು, ಇಣುಕಿದ್ರೆ ಕಲ್ಲಿಗೆ ಗುರಿ ಇಟ್ಟು ಕೊಟ್ಟ ಹಾಗೆ. ನಾನಂತೂ ತೂತೇ ಬಿಡದೆ ಪ್ರತಿ ಆಯಿಲ್‌ಗೂ ಬಿಚ್ಚೋದನ್ನೇ ಇಷ್ಟ ಪಡ್ತೀನಿ, ಆ ನೆಪದಲ್ಲಾದ್ರೂ ಪೈಪ್, ಕೇಸ್, ಬೋಲ್ಟ್ ಎಲ್ಲ ಕಣ್ಣಿಗೆ ಬೀಳುತ್ತೆ.

ಹಿಂದಿನ ಲಿಂಕೇಜ್‌ನೂ ಅದೇ ಪ್ಲೇಟ್‌ನಲ್ಲಿ ಮುಚ್ಚಬಹುದಾ?

ಮುಚ್ಚಬಹುದು, ದಿಮ್ಮಿ ದಾಟೋರಿಗೆ ಅದು ದೊಡ್ಡ ಉಪಕಾರ, ಬೈಕ್ ಕೂತು ಸಿಕ್ಕಿಹಾಕ್ಕೊಳ್ಳೋದು ಹೆಚ್ಚಾಗಿ ಅಲ್ಲೇ. ಪ್ಲೇಟ್‌ನ ಬಾಲ ಹಿಂದಕ್ಕೆ ಚಾಚಿ ತುದೀಲಿ ಸ್ವಲ್ಪ ಮೇಲಕ್ಕೆ ಬಾಗಿರ್ಲಿ. ಆ ಬಾಲಕ್ಕೆ ಲಿಂಕೇಜ್‌ನಲ್ಲಿ ಬೋಲ್ಟ್ ಹಾಕಬೇಡಿ, ಅದು ಓಡಾಡೋ ಭಾಗ. ಸಸ್ಪೆನ್ಷನ್ ಪೂರ್ತಿ ಕೆಳಗೆ ಕೂತಾಗ್ಲೂ, ಪೂರ್ತಿ ಜೋತು ಬಿದ್ದಾಗ್ಲೂ ತಾಗಲ್ಲ ಅಂತ ನೋಡ್ಕೊಳ್ಳಿ.

ಅಂಟು, ಪೇಂಟ್, ಸ್ಟಿಕರ್?

ಮಾಮೂಲಿ ಸಿಗೋ ಯಾವುದೂ ಸರಿಯಾಗಿ ಹಿಡಿಯಲ್ಲ. ಎಪಾಕ್ಸಿನೂ ಉಗುರಲ್ಲಿ ಎದ್ದು ಬರುತ್ತೆ. ಪಾಲಿಥಿಲೀನ್ ಅಷ್ಟು ಜಾರೋದ್ರಿಂದಲೇ ತಾನೇ ನಾವು ಅದನ್ನ ಆರಿಸಿದ್ದು.

ಸೀಳು ಬಿಟ್ರೆ ರಿಪೇರಿ ಆಗುತ್ತಾ?

ಎಚ್‌ಡಿಪಿಇ ಆದ್ರೆ ಬಿಸಿಗಾಳಿ ವೆಲ್ಡಿಂಗ್‌ನಲ್ಲಿ ಅದೇ ಪ್ಲಾಸ್ಟಿಕ್‌ನ ಕಡ್ಡಿ ಕರಗಿಸಿ ಕೂಡಿಸಬಹುದು. ಯುಎಚ್‌ಎಂಡಬ್ಲ್ಯು ಹರಿಯೋದೇ ಇಲ್ಲ ಅಂದ್ಮೇಲೆ ಮನೇಲಿ ವೆಲ್ಡ್ ಆಗಲ್ಲ. ಸೀಳಿನ ತುದಿಗೆ ಒಂದು ಸಣ್ಣ ತೂತು ಕೊರೆದ್ರೆ ಮುಂದೆ ಓಡೋದು ನಿಲ್ಲುತ್ತೆ. ಸೀಳು ಬೋಲ್ಟ್ ತೂತಿಂದ ಹೊರಟಿದ್ರೆ ರಿಪೇರಿ ಬಿಡಿ, ಹೊಸದು ಮಾಡಿ, ರಟ್ಟಿನ ಅಚ್ಚು ಎತ್ತಿಟ್ಟಿರ್ತೀರಲ್ಲ.

ಎಷ್ಟು ಕಾಲ ಬಾಳಿಕೆ ಬರುತ್ತೆ?

ಓಡಿಸೋ ಜಾಗದ ಮೇಲೆ. ಮೈಮೇಲೆ ಗೀರು, ನೂಲು ಏಳೋದು, ಕಲ್ಲು ಕಚ್ಚಿದ ಗುರುತು ಇದೆಲ್ಲ ಮಾಮೂಲು, ಚಾಕುವಿಂದ ಕೆರೆದು ಮುಂದೆ ಹೋಗಿ. ಬೋಲ್ಟ್ ಗುಂಡಿಗಳ ಹತ್ರ ಅಳೆದು ನೋಡ್ತಿರಿ, ಕೆಳಮೈ ಸವೆದು ಬೋಲ್ಟ್ ತಲೆಗೆ ಸಮ ಬಂತು ಅಂದ್ರೆ ಪ್ಲೇಟ್ ಬದಲಾಯಿಸೋ ಹೊತ್ತು.

ಹಾಕಿದ್ಮೇಲೆ ಮೊದಲ ಸಲ ಹೊರಡೋ ಮುಂಚೆ ಏನೇನ್ ನೋಡ್ಬೇಕು?

ಸ್ಟಾರ್ಟ್ ಮಾಡಿ ಎಂಜಿನ್ ಪೂರ್ತಿ ಬಿಸಿ ಆಗೋವರೆಗೂ ನಿಂತಲ್ಲೇ ಬಿಡಿ, ಪೈಪ್ ಹತ್ರದ ಪ್ಲಾಸ್ಟಿಕ್ ಹೊಳೀತಿದೆಯಾ, ವಾಸನೆ ಬರ್ತಿದೆಯಾ ನೋಡಿ. ಬೈಕ್ ಮೇಲೆ ಕೂತು ಜೋರಾಗಿ ಕುಕ್ಕಿ ನೋಡಿ, ಬ್ರೇಕ್ ಗೇರ್ ಒತ್ತಿ ನೋಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ಸಂದಿ ನೋಡಿ. ಆಮೇಲೆ ಹತ್ತಿರದಲ್ಲೇ ಸ್ವಲ್ಪ ಹೊತ್ತು ಓಡಿಸಿ ವಾಪಸ್ ಬಂದು ಎಲ್ಲ ಬೋಲ್ಟ್‌ಗೂ ಸ್ಪ್ಯಾನರ್ ಹಾಕಿ, ಮೊದಲ ಬಿಸಿ ತಣಿದ ಮೇಲೆ ರಬ್ಬರ್, ಕ್ಲಾಂಪ್ ಎಲ್ಲ ಕೂತ್ಕೊಳ್ಳುತ್ತೆ, ಒಂದು ಕಾಲು ಸುತ್ತಾದ್ರೂ ಬಿಗಿ ಬೇಕಾಗೇ ಬೇಕಾಗುತ್ತೆ. ಬ್ಯಾಗ್‌ನಲ್ಲಿ ಅದೇ ಅಳತೆಯ ಎರಡು ಬೋಲ್ಟು, ಎರಡು ವಾಷರ್ರು, ಕೀ ಒಂದು ಇಟ್ಕೊಂಡು ಹೊರಡಿ.